ಬರ್ಫ ಕರಗಿದ ಮೇಲೂ ಕಾಫಿಯಾಗಿಯೇ ಉಳಿಯಬೇಕು: ಮನೆಯಲ್ಲಿ ತಣ್ಣನೆ ಕಾಫಿ ಮಾಡುವ ಬಗೆ

ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಿಗೆ ಬಿಸಿಲು 40 ಡಿಗ್ರಿ ದಾಟುತ್ತದೆ. ನಮ್ಮ ಕಡೆ ಹೇಳಿ ಕೇಳಿ ಚಹಾದ ಸೀಮೆ. ಆದರೂ ಆ ಹೊತ್ತಿನಲ್ಲಿ ಬಿಸಿ ಚಹಾದ ಕಪ್ಪು ಮುಟ್ಟಲು ಮನಸ್ಸಾಗುವುದಿಲ್ಲ. ಆಗ ಬಹಳಷ್ಟು ಮನೆಗಳಲ್ಲಿ ಆಗುವುದು ಇಷ್ಟೇ: ದಿನದಂತೆ ಹಾಲು ಹಾಕಿದ ಬಿಸಿ ಕಾಫಿ ಮಾಡಿ, ಅದಕ್ಕೆ ನಾಲ್ಕು ತುಂಡು ಬರ್ಫ ಹಾಕಿ, ಕುಡಿದು, "ಏನ್ರೀ ಇದು, ಬರೇ ನೀರು ನೀರು" ಅಂತ ಗ್ಲಾಸು ಕೆಳಗಿಡುವುದು. ತಪ್ಪು ಪುಡಿಯದ್ದಲ್ಲ, ಹಾಲಿನದ್ದೂ ಅಲ್ಲ. ಬರ್ಫವೂ ನೀರೇ ಅನ್ನುವುದನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅಷ್ಟೇ. ಆದ್ದರಿಂದ ಪುಡಿಗಿಂತ ಮುಂಚೆ ಬರ್ಫದ ಮಾತು.

ಬರ್ಫದ ಲೆಕ್ಕ

ಒಂದು ಗ್ರಾಂ ಬರ್ಫ ಕರಗುವಾಗ, ಒಂದು ಗ್ರಾಂ ನೀರನ್ನು 80 ಡಿಗ್ರಿ ಕೆಳಗಿಳಿಸುವಷ್ಟು ಶಾಖ ಎಳೆದುಕೊಳ್ಳುತ್ತದೆ. ಈ ಒಂದು ಸಂಗತಿ ಹಿಡಿದರೆ ಉಳಿದದ್ದು ಬಾಯಿಲೆಕ್ಕ. 80 ಡಿಗ್ರಿ ಬಿಸಿ ಇರುವ 100 ಮಿಲಿ ಕಾಫಿಯನ್ನು ಬರ್ಫದಿಂದಲೇ 5 ಡಿಗ್ರಿಗೆ ತರಬೇಕೆಂದರೆ 80ರಿಂದ 90 ಗ್ರಾಂ ಬರ್ಫ ಕರಗಿಹೋಗಬೇಕು. ಅಂದರೆ 100 ಮಿಲಿ ಕಾಫಿಗೆ ಹೆಚ್ಚುಕಡಿಮೆ ಅಷ್ಟೇ ನೀರು ಸುರಿದಂತಾಯಿತು. ಅದೇ ಕಾಫಿ ಆರಿ ಅಡುಗೆಮನೆಯ 35 ಡಿಗ್ರಿಗೆ ಬಂದಿದ್ದರೆ ಕರಗುವುದು 32ರಿಂದ 35 ಗ್ರಾಂ. ಫ್ರಿಜ್ಜಿನಲ್ಲಿ ಕೂತು 8 ಡಿಗ್ರಿಗೆ ಇಳಿದಿದ್ದರೆ ಮೂರೋ ನಾಲ್ಕೋ ಗ್ರಾಂ ಮಾತ್ರ. ಉಳಿದ ಬರ್ಫ ಕುಡಿದು ಮುಗಿಸುವವರೆಗೂ ಗ್ಲಾಸಿನಲ್ಲಿ ಗಲಗಲ ಅನ್ನುತ್ತಿರುತ್ತದೆ.

ಹಾಗಾಗಿ ತಣ್ಣಗೆ ಮಾಡುವ ಕೆಲಸ ಫ್ರಿಜ್ಜಿನದು, ತಣ್ಣಗೆ ಇಡುವ ಕೆಲಸ ಬರ್ಫದ್ದು. ಹೊತ್ತಿಲ್ಲ, ಬಿಸಿಯದನ್ನೇ ಬರ್ಫದ ಮೇಲೆ ಸುರಿಯಬೇಕು ಎಂದಾದರೆ ಡಿಕಾಕ್ಷನ್ನನ್ನು ಇಮ್ಮಡಿ ಗಟ್ಟಿ ಮಾಡಿಕೊಳ್ಳಬೇಕು. ಎರಡರಲ್ಲಿ ಒಂದು, ಮೂರನೇ ದಾರಿ ಇಲ್ಲ.

ಬಿಸಿ ಡಿಕಾಕ್ಷನ್ ಬೇಗ ಆರಿಸಬೇಕು. ಗಂಟೆಗಟ್ಟಲೆ ಒಲೆಯ ಪಕ್ಕದಲ್ಲಿ ತನ್ನಷ್ಟಕ್ಕೆ ಆರಲು ಬಿಟ್ಟರೆ ಘಮ ಹೋಗಿ, ಹುಳಿಗಹಿ ಏರುತ್ತದೆ. ಸ್ಟೀಲಿನ ಪಾತ್ರೆಗೆ ಬಗ್ಗಿಸಿ, ಮುಚ್ಚಿ, ನೀರು ತುಂಬಿದ ಪರಾತದಲ್ಲಿ ಇಡಿ. ಗಾಜು, ಪಿಂಗಾಣಿ ಬೇಡ, ಅವು ಶಾಖ ಬೇಗ ಬಿಟ್ಟುಕೊಡುವುದಿಲ್ಲ. ಪರಾತಕ್ಕೆ ನಳದ ನೀರು ಹಿಡಿಯುವ ಮುಂಚೆ ಕೈಯಿಟ್ಟು ನೋಡಿ: ಮಾಳಿಗೆ ಮೇಲಿನ ಟ್ಯಾಂಕಿನ ನೀರು ಮೇ ತಿಂಗಳ ಮಧ್ಯಾಹ್ನ ಸ್ನಾನಕ್ಕೆ ಕಾಸಿದಂತೆ ಇರುತ್ತದೆ. ಮಣ್ಣಿನ ಗಡಿಗೆಯ ನೀರು ಒಳ್ಳೆಯದು. ನಮ್ಮ ಒಣ ಗಾಳಿಗೆ ಗಡಿಗೆ ಚೆನ್ನಾಗಿ ಬೆವರುತ್ತದೆ, ನೀರು ಹೊರಗಿನ ಸೆಕೆಗಿಂತ ಬಹಳ ತಂಪಿರುತ್ತದೆ. ಹತ್ತು ನಿಮಿಷದಲ್ಲಿ ಒಮ್ಮೆ ನೀರು ಬದಲಿಸಿದರೆ 100 ಮಿಲಿ ಡಿಕಾಕ್ಷನ್ ಇಪ್ಪತ್ತು ನಿಮಿಷಕ್ಕೆ ಫ್ರಿಜ್ಜಿಗೆ ಇಡಲು ತಯಾರು.

ಇನ್ನು ಬರ್ಫದ ಗುಣ. ಫ್ರಿಜ್ಜಿನ ಸಾದಾ ಟ್ರೇಯ ಒಂದು ತುಂಡು 15ರಿಂದ 20 ಗ್ರಾಂ ತೂಗುತ್ತದೆ. ಸಣ್ಣ ತುಂಡಿಗೆ ಮೈ ಹೆಚ್ಚು, ಬೇಗ ಕರಗುತ್ತದೆ. ನಿಧಾನಕ್ಕೆ ಕುಡಿಯುವವರು ಚಿಕ್ಕ ಸ್ಟೀಲ್ ವಾಟಗದಲ್ಲಿ 60 ಗ್ರಾಂನಷ್ಟು ನೀರು ಹಾಕಿ ಒಂದೇ ಗಡ್ಡೆ ಮಾಡಿಕೊಳ್ಳುವುದು ಲೇಸು; ತೆಗೆಯುವಾಗ ವಾಟಗದ ತಳವನ್ನು ಅರೆಕ್ಷಣ ನೀರಿಗೆ ಮುಟ್ಟಿಸಿದರೆ ಜಾರಿ ಬರುತ್ತದೆ. ನೀರು ಕುದಿಸಿ ಆರಿಸಿದ್ದೇ ಇರಲಿ. ಫ್ರೀಜರಿನಲ್ಲಿ ಬೆಳ್ಳುಳ್ಳಿ ಚಟ್ನಿ, ಮಾಂಸ, ಮೀನು ಇದ್ದರೆ ಟ್ರೇಗೆ ಮುಚ್ಚಳ ಕಡ್ಡಾಯ, ಏಕೆಂದರೆ ಬರ್ಫ ವಾಸನೆ ಹೀರುತ್ತದೆ ಮತ್ತು ಅದು ಹಾಲಿನ ಕಾಫಿಯಲ್ಲಿ ಎದ್ದು ಕಾಣುತ್ತದೆ. ಕರೆಂಟು ಹೋಗಿ ಬಂದು ಮಾಡಿ, ಅರ್ಧ ಕರಗಿ ಮತ್ತೆ ಕಟ್ಟಿದ ಬರ್ಫವನ್ನು ನೀರಿನ ಗ್ಲಾಸಿಗೆ ಹಾಕಿಕೊಳ್ಳಿ, ಕಾಫಿಗೆ ಬೇಡ. ಫ್ಯಾಕ್ಟರಿಯಿಂದ ಗೋಣಿಚೀಲದಲ್ಲಿ ಬರುವ ದೊಡ್ಡ ಗಡ್ಡೆಯನ್ನು ಬಾಟಲಿ ತಂಪು ಮಾಡಲು ಹೊರಗಿನಿಂದ ಬಳಸಿ. ಗ್ಲಾಸಿನ ಒಳಗೆ ಅದಕ್ಕೆ ಜಾಗವಿಲ್ಲ.

ಇನ್ನೊಂದು ಉಪಾಯ: ಒಂದು ಪಾಲು ಡಿಕಾಕ್ಷನ್ನಿಗೆ ಎರಡು ಪಾಲು ನೀರು ಬೆರೆಸಿ ಅದನ್ನೇ ಟ್ರೇಯಲ್ಲಿ ಕಟ್ಟಿಸಿ ಇಡಿ. ಹಾಲಿನ ಕಾಫಿಗೆ ಈ ಕಾಫಿ-ಬರ್ಫ ಹಾಕಿದರೆ ಕರಗಿದಷ್ಟೂ ರುಚಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಗಟ್ಟಿ ಡಿಕಾಕ್ಷನ್ನನ್ನೇ ಕಟ್ಟಿಸಬೇಡಿ, ಕೊನೆಯ ಗುಟುಕು ಕಷಾಯವಾಗುತ್ತದೆ.

ಪುಡಿ ಮತ್ತು ನೀರು

ಬೀಜ ಹುರಿದು ಕಣ್ಣೆದುರೇ ಪುಡಿ ಮಾಡಿಕೊಡುವ ಅಂಗಡಿಗಳು ಬೆಂಗಳೂರು, ಮೈಸೂರಿನಷ್ಟು ನಮ್ಮಲ್ಲಿಲ್ಲ. ಹೆಚ್ಚಿನವರು ತರುವುದು ಪೊಟ್ಟಣದ ಪುಡಿ. ಹಾಗಿದ್ದರೆ ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿ: ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ನೂರಕ್ಕೆ ಇಷ್ಟು ಅಂತ ಬರೆದಿರಲೇಬೇಕು. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ಕನಿಷ್ಠ 51 ಪ್ರತಿಶತ ಇರಬೇಕೆಂಬುದು ನಿಯಮ. ಚಿಕೋರಿ ಒಂದು ಗಿಡದ ಬೇರು. ಕೆಫೀನ್ ಇಲ್ಲ, ಬಣ್ಣ ಮತ್ತು ಮಂದ ಬಹಳ. ಹಾಲು ಹಾಕಿದ ತಣ್ಣನೆ ಕಾಫಿಗೆ 15-20 ಪ್ರತಿಶತ ಚಿಕೋರಿ ಇದ್ದರೆ ಒಳ್ಳೆಯದೇ, ಬರ್ಫ ಕರಗಿದರೂ ಮೈ ಉಳಿಯುತ್ತದೆ. ಹಾಲಿಲ್ಲದ ಕಾಫಿಗೆ, ಲಿಂಬಿ ಕಾಫಿಗೆ, ರಾತ್ರಿಯಿಡೀ ನೆನೆಸುವ ಕಾಫಿಗೆ ಚಿಕೋರಿ ಸೊನ್ನೆ ಇರಬೇಕು. ತಣ್ಣಗಾದ ಚಿಕೋರಿ ನೀರು ಬೆಲ್ಲ ಸುಟ್ಟ ವಾಸನೆ ಬೀರುತ್ತದೆ, ಹಾಲು ಮಾತ್ರ ಅದನ್ನು ಮುಚ್ಚಬಲ್ಲದು.

ನೀರಿನ ವಿಷಯದಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆ ಒಂದೇ ಅಲ್ಲ. ಬೆಳಗಾವಿ ಪಟ್ಟಣಕ್ಕೆ ರಾಕಸಕೊಪ್ಪ, ಹಿಡಕಲ್ ಜಲಾಶಯದ ನೀರು ಬರುತ್ತದೆ, ಅದನ್ನು ಕುದಿಸಿ ಬಳಸಿದರೆ ಸಾಕು. ಬೋರಿನ ಗಡಸು ನೀರು ಬಳಸುವ ಊರುಗಳಲ್ಲಿ ಕಾಫಿ ಸಪ್ಪೆಯಾಗುತ್ತದೆ. ನೀರಿನ ಸುಣ್ಣದಂಶವೂ ಕ್ಷಾರವೂ ಕಾಫಿಯ ತೆಳು ಹುಳಿಯನ್ನು ಕೊಂದುಬಿಡುತ್ತವೆ. ಪಾತೇಲಿಯ ತಳದಲ್ಲಿ ಬಿಳಿ ಪೊರೆ ಕಟ್ಟುವ ನೀರು ಅಂದರೆ ಅದೇ. ಅಂಥಲ್ಲಿ ಶುದ್ಧ ನೀರಿನ ಘಟಕದ ಕ್ಯಾನಿನ ನೀರಿಂದ ಡಿಕಾಕ್ಷನ್ ಇಳಿಸಿ, ಬರ್ಫಕ್ಕೂ ಅದನ್ನೇ ಬಳಸಿ.

ಗಟ್ಟಿ ಡಿಕಾಕ್ಷನ್

ಎರಡು ಗ್ಲಾಸಿಗೆ 25 ಗ್ರಾಂ ಪುಡಿ, ಅಂದರೆ ಗುಡ್ಡೆ ತುಂಬಿದ ಮೂರು ದೊಡ್ಡ ಚಮಚ. ನೀರು 130 ಮಿಲಿ. ಫಿಲ್ಟರಿನ ಮೇಲಿನ ಡಬ್ಬಿಗೆ ಪುಡಿ ಹಾಕಿ, ಪಕ್ಕಕ್ಕೆ ಎರಡು ಸಲ ತಟ್ಟಿ ಸಮ ಮಾಡಿ, ಕೊಡೆಯಂಥ ಒತ್ತುಬಿಲ್ಲೆಯನ್ನು ಅದರ ಭಾರದಷ್ಟೇ ಕೂರಿಸಿ. ನೀರು ಕುದಿ ಬಂದು ಒಲೆ ಆರಿಸಿ ಅರ್ಧ ನಿಮಿಷ ಬಿಟ್ಟು, ಮೊದಲು 30 ಮಿಲಿಯಷ್ಟು ಸುತ್ತ ಹಾಕಿ. ಪುಡಿ ಉಬ್ಬಿ ಗುಳ್ಳೆ ಬಿಡುತ್ತದೆ. ಒಂದು ನಿಮಿಷ ಸುಮ್ಮನಿದ್ದು ಉಳಿದ ನೀರು ಹಾಕಿ ಮುಚ್ಚಿಬಿಡಿ. ಹದಿನೈದರಿಂದ ಇಪ್ಪತ್ತು ನಿಮಿಷಕ್ಕೆ ಕೆಳಗೆ 75ರಿಂದ 80 ಮಿಲಿ ಇಳಿದಿರುತ್ತದೆ. ಉಳಿದ ನೀರು ಎಲ್ಲಿ ಹೋಯಿತು ಎಂದು ಹುಡುಕಬೇಡಿ, ಪ್ರತಿ ಗ್ರಾಂ ಪುಡಿ ತನ್ನ ಎರಡರಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ.

ಐದೇ ನಿಮಿಷಕ್ಕೆ ಎಲ್ಲ ಇಳಿದರೆ ಪುಡಿ ದಪ್ಪ ಅಥವಾ ಸಮ ಮಾಡಿಲ್ಲ, ಡಿಕಾಕ್ಷನ್ ತೆಳ್ಳಗೆ ಹುಳಿಯಾಗಿರುತ್ತದೆ. ಅರ್ಧ ಗಂಟೆಯಾದರೂ ಹನಿ ಬೀಳದಿದ್ದರೆ ಮೂರು ಕಾರಣ: ಒತ್ತುಬಿಲ್ಲೆ ಒತ್ತಿ ಬಿಗಿ ಮಾಡಿದ್ದೀರಿ, ಚಿಕೋರಿ ನೆನೆದು ಉಬ್ಬಿದೆ, ಇಲ್ಲವೇ ತೂತುಗಳಲ್ಲಿ ಹಳೆಯ ಎಣ್ಣೆಜಿಡ್ಡು ಕೂತಿದೆ. ಕೊನೆಯದಕ್ಕೆ ಮದ್ದು ಸುಲಭ. ಪೂರ್ತಿ ಸ್ಟೀಲಿನ ಫಿಲ್ಟರ್ ಆದರೆ ಮೇಲಿನ ಖಾಲಿ ಡಬ್ಬಿಯನ್ನು ಚಿಮಟಾದಲ್ಲಿ ಹಿಡಿದು ಗ್ಯಾಸಿನ ಸಣ್ಣ ಉರಿಯ ಮೇಲೆ ತಳ ಕಾಸಿ, ಆರಿದ ಮೇಲೆ ಬ್ರಶ್ಶಿನಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿ. ಎಲ್ಲಾ ತೂತು ಚುಕ್ಕಿ ಚುಕ್ಕಿಯಾಗಿ ಹೊಳೆಯಬೇಕು.

ಫಿಲ್ಟರ್ ಇಲ್ಲದ ಮನೆಯೇ ನಮ್ಮಲ್ಲಿ ಹೆಚ್ಚು. ಚಹಾದ ಪಾತೇಲಿಯಲ್ಲಿ ಅಷ್ಟೇ ನೀರು ಕುದಿಸಿ, ಒಲೆ ಆರಿಸಿದ ಮೇಲೆ ಪುಡಿ ಹಾಕಿ ಕಲಕಿ, ಮುಚ್ಚಿ ಐದು ನಿಮಿಷ ಬಿಟ್ಟು, ಚಹಾ ಸೋಸುವ ಜರಡಿಯ ಮೇಲೆ ತೆಳು ಹತ್ತಿಬಟ್ಟೆ ಹಾಸಿ ಸೋಸಿ. ಚಹಾದಂತೆ ಕುದಿಸಬಾರದು. ಚಹಾದ ಕೈಯವರು ಕಾಫಿಯಲ್ಲಿ ಮಾಡುವ ಮೊದಲ ತಪ್ಪು ಇದೇ: ಎರಡು ಕುದಿ ಹೆಚ್ಚು ಬಂದರೆ "ಕಡಕ್" ಆಗುತ್ತದೆಂಬ ನಂಬಿಕೆ. ಕಾಫಿ ಕಡಕ್ ಆಗುವುದಿಲ್ಲ, ಕಹಿಯಾಗುತ್ತದೆ. ತಣ್ಣಗಾದ ಮೇಲೆ ಆ ಕಹಿ ಇನ್ನೂ ಎದ್ದು ನಾಲಿಗೆ ಒಣಗಿಸುತ್ತದೆ.

ಡಿಕಾಕ್ಷನ್ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನೊಳಗೆ ಒಂದು ದಿನ ಇರುತ್ತದೆ. ಎರಡನೇ ದಿನ ಕೆಡುವುದಿಲ್ಲ, ಆದರೆ ಘಮ ಇರುವುದಿಲ್ಲ.

ಸಿಹಿ ಮೊದಲೇ ಕರಗಿರಬೇಕು

ತಣ್ಣನೆ ಹಾಲಿನಲ್ಲಿ ಸಕ್ಕರೆ ಕರಗುವುದಿಲ್ಲ, ತಳದಲ್ಲಿ ಕೂರುತ್ತದೆ. ಮೊದಲು ಕಹಿ, ಕೊನೆಗೆ ಪಾಕ. 200 ಗ್ರಾಂ ಸಕ್ಕರೆಗೆ 200 ಮಿಲಿ ನೀರು ಹಾಕಿ, ಕರಗುವವರೆಗೆ ಬಿಸಿ ಮಾಡಿ ಇಳಿಸಿ. ಎಳೆಪಾಕ ಬೇಕಿಲ್ಲ. ಸುಮಾರು 325 ಮಿಲಿ ಆಗುತ್ತದೆ. ಇದರ 15 ಮಿಲಿ ಅಂದರೆ ಒಂದು ದೊಡ್ಡ ಚಮಚ, ಅದರಲ್ಲಿ 9 ಗ್ರಾಂ ಸಕ್ಕರೆ, ಎರಡು ಸಣ್ಣ ಚಮಚದಷ್ಟು. ಒಣಗಿದ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ವಾರ ಸಲೀಸು. ತಂಪಿಗೆ ನಾಲಿಗೆ ಸಿಹಿಯನ್ನು ಕಡಿಮೆ ಗುರುತಿಸುತ್ತದೆ, ಆದ್ದರಿಂದ ಬಿಸಿ ಕಾಫಿಯ ಅಳತೆ ಇಲ್ಲಿ ಸಾಲದು. ರುಚಿ ನೋಡುವುದಾದರೆ ಬರ್ಫ ಹಾಕಿದ ಮೇಲೆ ನೋಡಿ.

ಬೆಲ್ಲ ಬೇಕೆನ್ನುವವರಿಗೆ: ಮಹಾಲಿಂಗಪುರ, ಮುಧೋಳದ ಕಡೆಯ ಬೆಲ್ಲ ಮನೆಯಲ್ಲೇ ಇರುತ್ತದೆ, ಚೆನ್ನಾಗಿಯೂ ಹೊಂದುತ್ತದೆ. 200 ಗ್ರಾಂ ಕುಟ್ಟಿದ ಬೆಲ್ಲಕ್ಕೆ 120 ಮಿಲಿ ನೀರು, ಕರಗಿದ ಕೂಡಲೇ ಬಟ್ಟೆಯಲ್ಲಿ ಸೋಸಿ, ಏಕೆಂದರೆ ಮರಳು, ಕಬ್ಬಿನ ಸಿಪ್ಪೆ ಇದ್ದೇ ಇರುತ್ತದೆ. ಬಿಸಿ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುವ ಭಯ ಎಲ್ಲರಿಗೂ ಗೊತ್ತು. ಪಾಕವೂ ಹಾಲೂ ಎರಡೂ ತಣ್ಣಗಿದ್ದರೆ ಒಡೆಯುವುದಿಲ್ಲ, ಆದರೆ ಬೆರೆಸಿ ಗಂಟೆಗಟ್ಟಲೆ ಇಡಬೇಡಿ. ಹಾಲಿಲ್ಲದ ಕಾಫಿಗೆ ಸಕ್ಕರೆಗಿಂತ ಬೆಲ್ಲವೇ ಮೇಲು.

ಹಾಲಿನ ತಣ್ಣನೆ ಕಾಫಿ

300 ಮಿಲಿ ಹಿಡಿಯುವ ಗ್ಲಾಸಿಗೆ ನಾಲ್ಕು ತುಂಡು ಬರ್ಫ, 40 ಮಿಲಿ ತಣ್ಣನೆ ಡಿಕಾಕ್ಷನ್, 15ರಿಂದ 20 ಮಿಲಿ ಸಕ್ಕರೆ ಪಾಕ. ಕಲಕಿ. ಆಮೇಲೆ ಫ್ರಿಜ್ಜಿನ 120 ಮಿಲಿ ಹಾಲು. ಡಿಕಾಕ್ಷನ್ನೂ ಪಾಕವೂ ಮೊದಲು ಬೆರೆಯಬೇಕು. ಹಾಲಿನ ನಂತರ ಪಾಕ ಹಾಕಿದರೆ ಅದು ಭಾರಕ್ಕೆ ತಳ ಸೇರುತ್ತದೆ. ಚಿಟಿಕೆಯ ಅರ್ಧದಷ್ಟು ಉಪ್ಪು ಹಾಕಿದರೆ ಕಹಿ ತಗ್ಗುತ್ತದೆ. ಉಪ್ಪಿನ ರುಚಿ ಗೊತ್ತಾಯಿತೆಂದರೆ ಹೆಚ್ಚಾಯಿತೆಂದೇ ಅರ್ಥ.

ಹಾಲು ಯಾವುದಾದರೂ ಕುದಿಸಿ, ಆರಿಸಿ, ಫ್ರಿಜ್ಜಿನಲ್ಲಿ ಕನಿಷ್ಠ ನಾಲ್ಕು ತಾಸು ಇಟ್ಟದ್ದಿರಲಿ. 3 ಪ್ರತಿಶತ ಕೊಬ್ಬಿನ ಟೋನ್ಡ್ ಹಾಲು ಬರ್ಫದೊಡನೆ ತೆಳುವೆನಿಸುತ್ತದೆ, 4.5 ಪ್ರತಿಶತದ ಸ್ಟ್ಯಾಂಡರ್ಡೈಸ್ಡ್ ಹದ. ಹಳ್ಳಿಯಿಂದ ಬರುವ ಎಮ್ಮಿ ಹಾಲಿನಲ್ಲಿ ಕೊಬ್ಬು 6-7 ಪ್ರತಿಶತ ಇರುವುದು ಸಾಮಾನ್ಯ. ರುಚಿಗೆ ಅದನ್ನು ಮೀರಿಸುವುದಿಲ್ಲ, ಆದರೆ ಕೆನೆ ಪೂರ್ತಿ ತೆಗೆದು, ಜರಡಿ ಹಿಡಿದು ಹಾಕಬೇಕು. ಇಲ್ಲದಿದ್ದರೆ ತಣ್ಣನೆ ಕೆನೆಯ ಚೂರು ಬಾಯಿಗೆ ಮೇಣದಂತೆ ಸಿಗುತ್ತದೆ.

ಮಿಕ್ಸಿಯ ಕೋಲ್ಡ್ ಕಾಫಿ

ಇದಕ್ಕೆ ಇನ್‌ಸ್ಟಂಟ್ ಪುಡಿಯೇ ಸರಿ, ನಾಚಿಕೆಪಡಬೇಕಿಲ್ಲ. ಒಂದು ದೊಡ್ಡ ಗ್ಲಾಸಿಗೆ ಎರಡು ಸಣ್ಣ ಚಮಚ ಇನ್‌ಸ್ಟಂಟ್ ಕಾಫಿ, ನಾಲ್ಕು ಸಣ್ಣ ಚಮಚ ಸಕ್ಕರೆ, 30 ಮಿಲಿ ಬಿಸಿ ನೀರು: ಮೊದಲು ಇಷ್ಟನ್ನು ವಾಟಗದಲ್ಲಿ ಕರಗಿಸಿ ಆರಿಸಿ. ಪುಡಿಯನ್ನು ನೇರ ತಣ್ಣನೆ ಹಾಲಿಗೆ ಹಾಕಿದರೆ ಗಂಟು ಕಟ್ಟಿ, ಕಪ್ಪು ಚುಕ್ಕಿಗಳಾಗಿ ಉಳಿಯುತ್ತದೆ. 200 ಮಿಲಿ ಹಾಲನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು, ಅಂಚಿಗೆ ತೆಳು ಪೊರೆ ಕಟ್ಟಲು ಶುರುವಾದಾಗ ತೆಗೆದು, ಮಿಕ್ಸಿಯ ದೊಡ್ಡ ಜಾರಿಗೆ ಹಾಕಿ. ಕಾಫಿ ನೀರು, ನಾಲ್ಕು ತುಂಡು ಬರ್ಫ ಸೇರಿಸಿ. ಜಾರು ಅರ್ಧಕ್ಕಿಂತ ತುಂಬಬಾರದು, ನೊರೆಗೆ ಜಾಗ ಬೇಕು. ಮೊದಲು ಎರಡು ಮೂರು ಸಲ ಬಿಟ್ಟು ಬಿಟ್ಟು ತಿರುಗಿಸಿ ಬರ್ಫ ಒಡೆಯಿರಿ, ಆಮೇಲೆ 30 ಸೆಕೆಂಡು ಪೂರ್ತಿ ವೇಗ. ಅಷ್ಟು ಸಾಕು.

ಹೆಚ್ಚು ನೊರೆಯ ಆಸೆಗೆ ಎರಡು ನಿಮಿಷ ತಿರುಗಿಸಿದರೆ ಏನಾಗುತ್ತದೆಂದು ಹತ್ತಿರದಿಂದ ನೋಡಿ. ಮಿಕ್ಸಿಯ ಬ್ಲೇಡಿನ ಬಿಸಿಗೆ ಹಾಲು ಏರಿ 10-15 ಡಿಗ್ರಿಗೆ ಬರುತ್ತದೆ. ಮಜ್ಜಿಗೆ ಕಡೆಯುವವರಿಗೆ ಗೊತ್ತು, ಬೆಣ್ಣೆ ಬರುವ ಹದವೇ ಅದು. ಎಮ್ಮಿ ಹಾಲಾದರೆ ನೊರೆಯ ನಡುವೆ ಸಾಸಿವೆಯಷ್ಟು ಬಿಳಿ ಕಾಳು ತೇಲುತ್ತವೆ, ಗ್ಲಾಸಿನ ಗೋಡೆಗೆ ಜಿಡ್ಡು ಹತ್ತುತ್ತದೆ, ನೊರೆ ಸಿಡಿದು ಇಳಿದುಹೋಗುತ್ತದೆ. ಹಾಲು ಕೆಟ್ಟಿತೆಂದು ಚೆಲ್ಲುವವರಿದ್ದಾರೆ. ಅದು ಬೆಣ್ಣೆ, ಅಷ್ಟೇ. ಪೊಟ್ಟಣದ ಮೇಲೆ ಹೋಮೋಜಿನೈಸ್ಡ್ (ಕೊಬ್ಬನ್ನು ಸಣ್ಣಗೆ ಒಡೆದು ಹಾಲಿನಲ್ಲೇ ಬೆರೆಸಿದ್ದು) ಎಂದಿದ್ದರೆ ಈ ತಾಪತ್ರಯ ಇಲ್ಲ. ಇನ್ನೊಂದು ಎಚ್ಚರ: ಬಿಸಿ ಕಾಫಿಯನ್ನು ಮಿಕ್ಸಿಗೆ ಹಾಕಿ ಮುಚ್ಚಳ ಬಿಗಿ ಮಾಡಬೇಡಿ. ಆವಿ ಉಬ್ಬಿ ಮುಚ್ಚಳ ಹಾರಿ ಮೈಮೇಲೆ ಬೀಳುತ್ತದೆ.

ಬೆಳಗಾವಿಯ ಕುಂದಾ ಮನೆಯಲ್ಲಿದ್ದರೆ ಸಕ್ಕರೆ ಬಿಟ್ಟು 40 ಗ್ರಾಂ ಕುಂದಾ, 150 ಮಿಲಿ ಹಾಲು, 40 ಮಿಲಿ ಡಿಕಾಕ್ಷನ್, ನಾಲ್ಕು ತುಂಡು ಬರ್ಫ ಹಾಕಿ ಅದೇ ರೀತಿ ತಿರುಗಿಸಿ. ಹಾಲು ಕಾಯಿಸಿ ಕಂದಿಸಿದ ರುಚಿಯೂ ಹುರಿದ ಕಾಫಿಯೂ ಒಂದಕ್ಕೊಂದು ಅಣ್ಣತಮ್ಮ. ಕರದಂಟು ಮಾತ್ರ ಹಾಕಲು ಹೋಗಬೇಡಿ, ಅಂಟು ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಪಕ್ಕದ ತಾಟಿನಲ್ಲೇ ಅದಕ್ಕೆ ಮರ್ಯಾದೆ.

ಮೇಲೆ ನೊರೆ ಕೂರಿಸುವ ಕಡೆದ ಕಾಫಿಯ ಅಳತೆ ನೆನಪಿಡುವುದು ಸುಲಭ: ಇನ್‌ಸ್ಟಂಟ್ ಪುಡಿ, ಸಕ್ಕರೆ, ಬಿಸಿ ನೀರು ಮೂರೂ ಎರಡೆರಡು ದೊಡ್ಡ ಚಮಚ. ಸಣ್ಣ ಕಡಗೋಲಿನಿಂದ ಕಡೆದರೆ ಎಂಟು ಹತ್ತು ನಿಮಿಷಕ್ಕೆ ಕಪ್ಪು ಪಾಕ ತಿಳಿಗಂದು ಬಣ್ಣಕ್ಕೆ ತಿರುಗಿ, ಎತ್ತಿದರೆ ಕೊಂಬಿನಂತೆ ನಿಲ್ಲುತ್ತದೆ. ನಾಲ್ಕು ಗ್ಲಾಸಿಗಾಗುತ್ತದೆ. ಸಕ್ಕರೆ ಕಡಿಮೆ ಮಾಡಿದರೆ ನೊರೆ ಬರುತ್ತದೆ, ನಿಲ್ಲುವುದಿಲ್ಲ. ಫಿಲ್ಟರ್ ಡಿಕಾಕ್ಷನ್ನಿಂದ ಇದು ಬರುವುದಿಲ್ಲ. ಅದು ಅಷ್ಟು ಮಂದವಿಲ್ಲ, ಮೇಲಾಗಿ ಅದರಲ್ಲಿರುವ ಎಣ್ಣೆ ನೊರೆಯನ್ನು ಕೊಲ್ಲುತ್ತದೆ.

ರಾತ್ರಿ ನೆನೆಸುವ ಕಾಫಿ

ಕೋಲ್ಡ್ ಬ್ರೂ ಎಂದು ದೊಡ್ಡ ಊರಿನ ಹೋಟೆಲುಗಳಲ್ಲಿ ದುಬಾರಿಗೆ ಮಾರುವುದು ಇದನ್ನೇ. ಒಲೆ ಬೇಡ, ಕೈಗೆಲಸ ಹತ್ತು ನಿಮಿಷ. ಬೇಕಾದ್ದು ತಾಳ್ಮೆ ಮತ್ತು ಸರಿಯಾದ ಪುಡಿ. ಫಿಲ್ಟರ್ ಕಾಫಿಯ ನುಣ್ಣನೆ ಪುಡಿ ಇಲ್ಲಿ ನಡೆಯುವುದಿಲ್ಲ, ಬಟ್ಟೆಯಲ್ಲಿ ಕೆಸರಿನಂತೆ ಕಟ್ಟಿ ಸೋಸದಾಗುತ್ತದೆ. ಬೇಕಾದ ಗಾತ್ರ ಜೋಳದ ನುಚ್ಚಿನದು. ಅಂಗಡಿಯವರಿಗೂ ಹಾಗೇ ಹೇಳಿ, ತಕ್ಷಣ ತಿಳಿಯುತ್ತದೆ. ಹುರಿದ ಬೀಜ ತಂದು ಮನೆಯಲ್ಲೇ ಮಾಡುವುದಾದರೆ ಮಿಕ್ಸಿಯ ಸಣ್ಣ ಜಾರಿಗೆ 40 ಗ್ರಾಂ ಮೀರದಂತೆ ಹಾಕಿ, ಎರಡೆರಡು ಸೆಕೆಂಡು, ನಡುನಡುವೆ ಜಾರು ಅಲ್ಲಾಡಿಸುತ್ತ, ಏಳೆಂಟು ಸಲ. ಕೊನೆಗೆ ಹಿಟ್ಟಿನ ಜರಡಿಯಲ್ಲಿ ಸಾಣಿಸಿ; ಕೆಳಗೆ ಬಿದ್ದ ನುಣ್ಣನೆಯದು ಬೆಳಗಿನ ಡಿಕಾಕ್ಷನ್ನಿಗೆ, ಮೇಲೆ ಉಳಿದ ನುಚ್ಚು ಇದಕ್ಕೆ.

ನಾಲ್ಕು ಗ್ಲಾಸಿಗೆ 80 ಗ್ರಾಂ ನುಚ್ಚು, 400 ಮಿಲಿ ತಣ್ಣನೆ ನೀರು, ಒಂದು ಲೀಟರಿನ ಗಾಜಿನ ಬರಣಿ. ಉಪ್ಪಿನಕಾಯಿಯ ಬರಣಿ ಬೇಡ, ಎಷ್ಟು ತೊಳೆದರೂ ಮೆಂತ್ಯ ಇಂಗು ಬಿಡುವುದಿಲ್ಲ. ಪುಡಿ ಹಾಕಿ ನೀರು ಸುರಿದಾಗ ಅರ್ಧ ಪುಡಿ ಒಣಗಿಯೇ ತೇಲುತ್ತದೆ. ಮರದ ಚಮಚದಿಂದ ನಿಧಾನಕ್ಕೆ ಒತ್ತಿ ಮುಳುಗಿಸಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಕಲಕಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ರಾತ್ರಿ ಎಂಟಕ್ಕೆ ಇಟ್ಟರೆ ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ, ಅಂದರೆ 16 ತಾಸಿಗೆ ತೆಗೆಯಿರಿ. ಹೊರಗಿಟ್ಟರೆ ಬೇಗ ಆಗುತ್ತದೆಂದು ಓದಿರುತ್ತೀರಿ. ಆ ಮಾತು ತಂಪು ಊರಿನವರದು. ಡಿಸೆಂಬರಿನ ಬೆಳಗಾವಿಯ ರಾತ್ರಿಗೆ ಸರಿ, ಮೇ ತಿಂಗಳ ವಿಜಯಪುರದಲ್ಲಿ ಬೆಳಗಾಗುವಷ್ಟರಲ್ಲಿ ಹುಳಿ ವಾಸನೆ ಹಿಡಿಯುತ್ತದೆ. ಗುಳ್ಳೆ ಎದ್ದಿದ್ದರೆ, ಅಂಬಲಿ ಹುದುಗಿದಂಥ ವಾಸನೆ ಬಂದರೆ ರುಚಿ ನೋಡಲೂ ಹೋಗಬೇಡಿ, ಚೆಲ್ಲಿ.

ಸೋಸುವುದು ಎರಡು ಹಂತದಲ್ಲಿ: ಮೊದಲು ಚಹಾದ ಜರಡಿ, ಆಮೇಲೆ ನಾಲ್ಕು ಮಡಿಕೆಯ ಒದ್ದೆ ಹತ್ತಿಬಟ್ಟೆ. ಬಟ್ಟೆ ಸೋಪಿನ ವಾಸನೆ ಇಲ್ಲದಂತೆ ಬಿಸಿನೀರಲ್ಲಿ ಅದ್ದಿ ಹಿಂಡಿದ್ದಿರಲಿ. ತಾನಾಗಿ ಇಳಿದಷ್ಟೇ ನಮ್ಮದು. ಹೆಸರುಬೇಳೆ ಕಟ್ಟಿನಂತೆ ಹಿಂಡಿದರೆ ಕೆಸರೂ ಒಗರೂ ಇಳಿಯುತ್ತದೆ. 240 ಮಿಲಿಯಷ್ಟು ಕಡುಗಪ್ಪು ಸಾರ ಸಿಗುತ್ತದೆ. ಇದರ 60 ಮಿಲಿಗೆ 90 ಮಿಲಿ ನೀರೂ ಬರ್ಫವೂ, ಅಥವಾ 100 ಮಿಲಿ ಹಾಲು. ಸಾರವನ್ನು ಬೆರೆಸದೆ ಇಟ್ಟರೆ ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ, ಹಾಲು ಬೆರೆಸಿದ್ದು ಅಂದೇ ಮುಗಿಯಬೇಕು.

ಬಿಸಿನೀರಿನಷ್ಟು ಹುಳಿ, ಕಹಿಯನ್ನು ತಣ್ಣೀರು ಎಳೆಯುವುದಿಲ್ಲ, ಅದಕ್ಕೇ ಈ ಕಾಫಿ ಮೆದುವಾಗಿ, ಸಕ್ಕರೆ ಇಲ್ಲದೆಯೂ ಇಳಿಯುತ್ತದೆ. ಇದರಲ್ಲೇ ಒಂದು ಮೋಸವೂ ಇದೆ. ಒಂದು ಗ್ಲಾಸಿಗೆ 20 ಗ್ರಾಂ ಪುಡಿ ಬಿದ್ದಿದೆ. ಕಾಫಿ ಬೀಜದಲ್ಲಿ ಮುಖ್ಯವಾಗಿ ಎರಡು ಜಾತಿ: ಅರೇಬಿಕಾದಲ್ಲಿ ಕೆಫೀನ್ ಸುಮಾರು 1.2 ಪ್ರತಿಶತ, ರೋಬಸ್ಟಾದಲ್ಲಿ 2.2ರ ಆಸುಪಾಸು. ಅರೇಬಿಕಾದ ಮೂರರಲ್ಲಿ ಎರಡು ಪಾಲು ಇಳಿಯಿತೆಂದರೂ ಗ್ಲಾಸಿಗೆ 160 ಮಿಲಿಗ್ರಾಂ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400, ಬಸುರಿಯರಿಗೆ 200 ಮಿಲಿಗ್ರಾಂ ಮೇರೆ ಎಂದು ಹೇಳುತ್ತಾರೆ. ಶರಬತ್ತಿನಂತೆ ಮೂರು ಗ್ಲಾಸು ಏರಿಸಿದರೆ ರಾತ್ರಿ ನಿದ್ದೆಯ ಆಸೆ ಬಿಡಬೇಕು. ಮಕ್ಕಳ ಕೈಗೆ ಇದು ಬೇಡವೇ ಬೇಡ.

ರುಚಿ ತೆಳುವಾಗಿ ಉಪ್ಪುಹುಳಿ ಎನಿಸಿದರೆ ಇನ್ನೂ ಎರಡು ತಾಸು ಬೇಕಿತ್ತು. ಕಟ್ಟಿಗೆ ನೆಕ್ಕಿದಂತೆ ಒಣ ಒಗರಾದರೆ ಹೊತ್ತು ಹೆಚ್ಚಾಯಿತು ಅಥವಾ ನುಚ್ಚಿನಲ್ಲಿ ಹಿಟ್ಟು ಉಳಿದಿತ್ತು.

ಲಿಂಬಿ ಕಾಫಿ

ಇಂಡಿ ತಾಲೂಕಿನ ಲಿಂಬಿ ಹಣ್ಣು ಸಿಗುವ ಸೀಮೆಯಲ್ಲಿ ಇದನ್ನು ಬಿಡುವಂತಿಲ್ಲ. ಕಾಫಿಗೆ ಲಿಂಬಿ ಎಂದರೆ ಮೂಗು ಮುರಿಯುವವರು ಪೋರ್ಚುಗಲ್ಲಿನ ಮಜಗ್ರಾನ್ ನೆನೆಸಿಕೊಳ್ಳಬಹುದು, ಅದು ಲಿಂಬಿ ಹಿಂಡಿದ ತಣ್ಣನೆ ಕಾಫಿಯೇ. ಗ್ಲಾಸಿಗೆ ಐದು ತುಂಡು ಬರ್ಫ, 20 ಮಿಲಿ ಸಕ್ಕರೆ ಪಾಕ, ಅರ್ಧ ಲಿಂಬಿಯ ರಸ, ಚಿಟಿಕೆ ಉಪ್ಪು. ಕಲಕಿ 100 ಮಿಲಿ ತಣ್ಣನೆ ಸೋಡಾ ಸುರಿಯಿರಿ. ಕೊನೆಗೆ ನೆನೆಸಿದ ಕಾಫಿಯ ಸಾರ 50 ಮಿಲಿ, ಚಮಚದ ಬೆನ್ನ ಮೇಲಿಂದ ಹರಿಸುತ್ತ ಹಾಕಿ. ಸಾರ ಮೇಲೆ ನಿಂತು, ಕಂದು ಎಳೆಗಳಾಗಿ ಕೆಳಗಿಳಿಯುತ್ತದೆ. ತಿರುವುಮುರುವು ಮಾಡಿ ಕಾಫಿಯ ಮೇಲೆ ಸೋಡಾ ಸುರಿದರೆ ನೊರೆ ಉಕ್ಕಿ ಅರ್ಧ ಕಟ್ಟೆಯ ಮೇಲೆ. ಲಿಂಬಿಯನ್ನು ಸಿಪ್ಪೆ ಹಿಸುಕುವಂತೆ ಹಿಂಡಬಾರದು, ಬೀಜವೂ ಬೀಳಬಾರದು. ಕಾಫಿಯ ಕಹಿಗೆ ಇನ್ನೊಂದು ಕಹಿ ಜೊತೆಗೂಡುತ್ತದೆ. ಚಿಕೋರಿ ಪುಡಿಯಲ್ಲಿ ಮಾಡಿದರೆ ಶೀತಕ್ಕೆ ಕುಡಿಯುವ ಕಷಾಯದ ರುಚಿ. ಹಾಲಿನ ಮಾತೇ ಇಲ್ಲ, ಒಡೆದುಹೋಗುತ್ತದೆ.

ಇಪ್ಪತ್ತು ಮಂದಿ ಬಂದರೆ

ಬೇಸಿಗೆ ಲಗ್ನದ ಕಾಲ, ಮಂದಿ ಒಮ್ಮೆಲೇ ಬರುತ್ತಾರೆ. 20 ಗ್ಲಾಸು ಹಾಲಿನ ಕಾಫಿಗೆ 250 ಗ್ರಾಂ ಪುಡಿ, 1.3 ಲೀಟರ್ ನೀರು. ಪಾತೇಲಿಯಲ್ಲೇ ನೆನೆಸಿ ಬಟ್ಟೆಯಲ್ಲಿ ಸೋಸಿದರೆ 800 ಮಿಲಿ ಡಿಕಾಕ್ಷನ್. 250 ಗ್ರಾಂ ಸಕ್ಕರೆಗೆ ಅಷ್ಟೇ ನೀರು ಹಾಕಿದರೆ 400 ಮಿಲಿ ಪಾಕ. ಹಾಲು ಎರಡೂವರೆ ಲೀಟರ್. ಕುಡಿಯುವ ಬರ್ಫ ಒಂದೂವರೆ ಕಿಲೋ. ಮನೆಯ ಒಂದು ಟ್ರೇಯಲ್ಲಿ ಒಂದು ಸಲಕ್ಕೆ ಕಾಲು ಕಿಲೋ ಕೂಡ ಸಿಗುವುದಿಲ್ಲ, ಹಾಗಾಗಿ ಎರಡು ದಿನ ಮುಂಚಿನಿಂದಲೇ ಕಟ್ಟಿಸಿ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ಕೂಡಿಡಬೇಕು.

ಡಿಕಾಕ್ಷನ್ನನ್ನು ಅಂದು ಬೆಳಿಗ್ಗೆ ಇಳಿಸಿ, ಪಾಕದೊಡನೆ ಬೆರೆಸಿ ಒಂದೇ ಬಾಟಲಿಯಲ್ಲಿ ಫ್ರಿಜ್ಜಿಗಿಡಿ. ಬೆರೆಸಿದ್ದರಲ್ಲಿ ಗ್ಲಾಸಿಗೆ 60 ಮಿಲಿ ಬೀಳಬೇಕು, ಸಣ್ಣ ಸೌಟಿನ ಅಳತೆ ಮೊದಲೇ ನೋಡಿಕೊಂಡಿರಿ. ಹಾಲನ್ನು ಮಾತ್ರ ದೊಡ್ಡ ಪಾತ್ರೆಯಲ್ಲಿ ಮೊದಲೇ ಬೆರೆಸಿಡಬೇಡಿ. ಸೆಕೆಗೆ ಪಾತ್ರೆ ತಂಪು ಕಳೆದುಕೊಂಡಿತೆಂದರೆ ಇಪ್ಪತ್ತೂ ಗ್ಲಾಸಿನ ಬರ್ಫ ಒಟ್ಟಿಗೇ ಕರಗುತ್ತದೆ. ಮಂದಿ ಕೂತ ಮೇಲೆ ಬರ್ಫ, ಒಂದು ಸೌಟು ಕಾಫಿ, ಫ್ರಿಜ್ಜಿನಿಂದ ಆಗ ತಾನೇ ತೆಗೆದ ಹಾಲು. ಸ್ಟೀಲಿನ ಗ್ಲಾಸಿಗಿಂತ ಗಾಜಿನದು ಹೆಚ್ಚು ಹೊತ್ತು ತಂಪು ಹಿಡಿಯುತ್ತದೆ. ಸ್ಟೀಲೇ ಇದ್ದರೆ ಅರ್ಧ ಗಂಟೆ ಮುಂಚೆ ಗ್ಲಾಸುಗಳನ್ನೂ ಫ್ರಿಜ್ಜಿನಲ್ಲಿ ಬೋರಲು ಹಾಕಿಡಿ.